ಮೀನಿನ ಡಾಕ್ಟರಾಗಲು ಹೊರಟ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಜಲಚರಗಳ ವೈದ್ಯಕೀಯ ಮತ್ತು ಸಂಶೋಧನೆ ನನ್ನ ವೃತ್ತಿ. ವಿದ್ಯಾರ್ಥಿನಿಯರು, ಅವರ ತಂದೆತಾಯಂದಿರು, ಈಗಷ್ಟೇ ಕೆಲಸಕ್ಕೆ ಸೇರಿದ ಕಿರಿಯರು ಎದುರು ಸಿಕ್ಕಾಗ ಕೇಳಿದ, ಪತ್ರದಲ್ಲಿ ಬರೆದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಯ ಮಾತು ಆದಷ್ಟೂ ಕೇಳಿದವರದ್ದೇ. ಸುಲಭದವು ಮೊದಲು, ವೃತ್ತಿಯೊಳಗೆ ಇಳಿದವರ ಪ್ರಶ್ನೆಗಳು ಆಮೇಲೆ. ನಿಮಗೆ ಬೇಕಾದ ಉತ್ತರವನ್ನಷ್ಟೇ ಓದಿದರೂ ಸಾಕು.

## ಮೊದಲ ಪರಿಚಯ

ಮೀನಿಗೂ ಡಾಕ್ಟರು ಅಂತ ಇರುತ್ತಾರಾ ಮೇಡಂ?

ಇರುತ್ತಾರೆ. ಮೀನು, ಸೀಗಡಿ, ಏಡಿ, ಕಪ್ಪೆಚಿಪ್ಪು, ಕಪ್ಪೆ, ಕಡಲಾಮೆ, ಸೀಲ್, ಡಾಲ್ಫಿನ್ ಎಲ್ಲವೂ ಈ ವೈದ್ಯಕೀಯದ ಅಡಿಯಲ್ಲೇ ಬರುತ್ತವೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 1960ರಲ್ಲೇ ಮೀನಿನ ರೋಗಗಳಿಗೆಂದು ಒಂದು ಆಯೋಗ ಮಾಡಿತು. 1995ರಿಂದ ಜಲಚರಗಳಿಗೇ ಪ್ರತ್ಯೇಕವಾದ ಆರೋಗ್ಯ ಸಂಹಿತೆಯೂ ಇದೆ.

ಅಗತ್ಯ ಎಷ್ಟು ದೊಡ್ಡದೆಂದು ತಿಳಿಯಲು ಒಂದು ಲೆಕ್ಕ ನೋಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ 2022ರಲ್ಲಿ ಸಾಕಣೆಯಿಂದ ಬಂದ ಜಲಚರಗಳು 9.44 ಕೋಟಿ ಟನ್. ಸಮುದ್ರ, ನದಿಗಳಲ್ಲಿ ಹಿಡಿದದ್ದಕ್ಕಿಂತ ಸಾಕಿದ್ದು ಹೆಚ್ಚಾದದ್ದು ಅದೇ ಮೊದಲು. ಇಷ್ಟೊಂದು ಪ್ರಾಣಿಗಳನ್ನು ಒತ್ತೊತ್ತಾಗಿ ಸಾಕಿದ ಕಡೆ ರೋಗ ಬಂದೇ ಬರುತ್ತದೆ, ಅದನ್ನು ಅರಿತವರು ಮಾತ್ರ ಇಂದಿಗೂ ಕಡಿಮೆ.

ದಿನಾ ಏನು ಕೆಲಸ ಮಾಡುತ್ತೀರಿ? ಮೀನನ್ನು ಹಿಡಿದು ನೋಡುತ್ತಾ ಕೂರುತ್ತೀರಾ?

ಮೀನನ್ನು ಹಿಡಿಯುವ ಮೊದಲು ನೀರನ್ನು ನೋಡುತ್ತೇನೆ. ಹಸು ನಿಂತ ಕೊಟ್ಟಿಗೆಯ ಗಾಳಿ ಕೆಟ್ಟರೆ ಹೊರಗೆ ಕಟ್ಟಬಹುದು, ಕೊಳದ ಮೀನಿಗೆ ಹೊರಗೆಂಬುದೇ ಇಲ್ಲ. ಅದು ಉಸಿರಾಡುವುದು, ತಿನ್ನುವುದು, ಮಲ ಹಾಕುವುದು ಎಲ್ಲ ಒಂದೇ ನೀರಿನಲ್ಲಿ.

ಕರಗಿದ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ ಇರುವುದು ಬೆಳಕು ಹರಿಯುವ ಹೊತ್ತಿಗೆ. ರಾತ್ರಿಯಿಡೀ ಪಾಚಿಯೂ ಮೀನಿನ ಜೊತೆ ಉಸಿರಾಡಿರುತ್ತದೆ, ಆಮ್ಲಜನಕ ಮಾಡಿಕೊಡಲು ಬಿಸಿಲು ಇರುವುದಿಲ್ಲ. ಮಧ್ಯಾಹ್ನಕ್ಕೆ ಅದೇ ಪಾಚಿ ನೀರಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಮೇಲೇರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಅಮೋನಿಯಾದ ವಿಷಕಾರಿ ಭಾಗ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ಒಂದೇ ಸಲ ಅಳೆದು ಬಂದವರಿಗೆ ಈ ಎರಡು ಅಪಾಯಗಳೂ ಕಾಣುವುದಿಲ್ಲ. ಆದ್ದರಿಂದ ನನ್ನ ದಿನ ಕತ್ತಲಿರುವಾಗಲೇ ಶುರು.

ಆಮೇಲೆ ಮೀನಿನ ನಡೆ. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದೆಯೇ, ನೀರಿಗೆ ಗಾಳಿ ಬೆರೆಸುವ ಏರೇಟರ್ ಬಳಿ ಗುಂಪಾಗಿದೆಯೇ, ಮೈ ಉಜ್ಜುತ್ತಿದೆಯೇ, ಸುತ್ತುತ್ತಿದೆಯೇ ಎಂದು ದಡದಲ್ಲಿ ನಿಂತು ನೋಡಬೇಕು. ಸಾಯುವ ಸ್ಥಿತಿಯಲ್ಲಿರುವ ಕೆಲವನ್ನು ಹಿಡಿದು ಲೋಳೆ ಕೆರೆದು, ಕಿವಿರಿನ ತುದಿ ಕತ್ತರಿಸಿ, ಅಲ್ಲೇ ಸೂಕ್ಷ್ಮದರ್ಶಕದಡಿ ಇಡುತ್ತೇನೆ. ಪರಾವಲಂಬಿ ಜೀವಿಗಳು ಹಸಿ ಮಾದರಿಯಲ್ಲಿ ಓಡಾಡುವಾಗ ಗುರುತಿಸುವುದು ಸುಲಭ, ಸತ್ತ ಮೇಲೆ ಎಷ್ಟೋ ಬಾರಿ ಕಳಚಿ ಹೋಗಿರುತ್ತವೆ. ನಂತರ ಮೂತ್ರಪಿಂಡದಿಂದ, ಸುತ್ತುವ ಮೀನಾದರೆ ಮೆದುಳಿನಿಂದಲೂ, ಬ್ಯಾಕ್ಟೀರಿಯಾ ಬೆಳೆಸಲು ಮಾದರಿ. ಇಷ್ಟಾದ ಮೇಲೆ ಪ್ರಯೋಗಾಲಯ, ವರದಿ, ಫೋನು, ಪಾಠ.

ಇದು ಪಶುವೈದ್ಯ ಓದಿದವರಿಗೋ, ಮೀನುಗಾರಿಕೆ ವಿಜ್ಞಾನ ಓದಿದವರಿಗೋ?

ಎರಡೂ ದಾರಿಗಳಿವೆ. ಔಷಧ ಬರೆದುಕೊಡುವ ಅಧಿಕಾರ ಕೆಲವು ದೇಶಗಳಲ್ಲಿ ಪಶುವೈದ್ಯರಿಗೆ ಮಾತ್ರ ಇದೆ. ಇನ್ನು ಕೆಲವೆಡೆ ಮೀನುಗಾರಿಕೆ ಪದವೀಧರರೇ ಮೀನಿನ ಆರೋಗ್ಯ ನೋಡಿಕೊಳ್ಳುತ್ತಾರೆ. ನೀವು ಕೆಲಸ ಮಾಡಲಿರುವ ದೇಶದ ಕಾನೂನನ್ನು ಪದವಿಗೆ ಸೇರುವ ಮುನ್ನವೇ ಓದಿಕೊಳ್ಳಿ.

ಪಶುವೈದ್ಯರಿಗೆ ರೋಗಶಾಸ್ತ್ರ, ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಗೊತ್ತಿರುತ್ತದೆ, ನೀರು ಗೊತ್ತಿರುವುದಿಲ್ಲ. ಮೀನುಗಾರಿಕೆ ಓದಿದವರಿಗೆ ನೀರು, ಆಹಾರ, ಮರಿ ಉತ್ಪಾದನೆ ಗೊತ್ತು, ಚಿಕಿತ್ಸೆಯ ತರಬೇತಿ ಕಡಿಮೆ. ಯಾವ ಬಾಗಿಲಿನಿಂದ ಒಳಗೆ ಬಂದರೂ ಉಳಿದರ್ಧವನ್ನು ಸ್ವಂತವಾಗಿ ಕಲಿಯಲೇಬೇಕು. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಂಥ ಕಡೆ ಇದಕ್ಕೆಂದೇ ಸ್ನಾತಕೋತ್ತರ ಪಾಠಗಳು ನಡೆದಿವೆ. 2006ರಲ್ಲಿ ಹುಟ್ಟಿದ ವಿಶ್ವ ಜಲಚರ ಪಶುವೈದ್ಯಕೀಯ ಸಂಘ, ಯಾವ ದೇಶದ ಪಶುವೈದ್ಯರೂ ಕೆಲಸ ಮಾಡುತ್ತಲೇ ಗಳಿಸಬಹುದಾದ ಒಂದು ಪ್ರಮಾಣಪತ್ರ ಕೊಡುತ್ತದೆ.

ನನಗೆ ಈಜು ಬರುವುದಿಲ್ಲ. ಆಗುತ್ತಾ?

ಆಗುತ್ತದೆ, ಆದರೆ ಕಲಿಯಿರಿ. ಎದೆಯವರೆಗಿನ ರಬ್ಬರ್ ದಿರಿಸಿನೊಳಗೆ ನೀರು ತುಂಬಿಕೊಂಡರೆ ಸೊಂಟದಾಳದ ಕೊಳವೂ ಅಪಾಯ. ಈಜು ಬಂದರೂ ಬಾರದಿದ್ದರೂ ದೋಣಿ ಮತ್ತು ನೀರಿನಲ್ಲಿ ಮೀನು ಸಾಕುವ ಪಂಜರಗಳ ಮೇಲೆ ಜೀವರಕ್ಷಕ ಜಾಕೆಟ್ ಇಲ್ಲದೆ ಕಾಲಿಡಬೇಡಿ.

ಮೀನಿಗೆ ನೋವಾಗುತ್ತಾ? ಅದಕ್ಕೂ ಅರಿವಳಿಕೆ ಕೊಡುತ್ತೀರಾ?

ಕೊಡುತ್ತೇವೆ. 2003ರಲ್ಲಿ ಲಿನ್ ಸ್ನೆಡನ್, ವಿಕ್ಟೋರಿಯಾ ಬ್ರೈತ್‌ವೇಟ್ ಮತ್ತು ಮೈಕಲ್ ಜೆಂಟಲ್ ಅವರು ರೇನ್‌ಬೋ ಟ್ರೌಟ್ ಮೀನಿನ ತಲೆಯಲ್ಲಿ ನೋವಿನ ಸಂವೇದಕ ನರಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಮೀನುಗಳು ಮೈ ಓಲಾಡಿಸಿದವು, ತುಟಿಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಮಾರ್ಫಿನ್ ಕೊಟ್ಟಾಗ ಆ ವರ್ತನೆ ತಗ್ಗಿತು. ಮೀನಿಗೆ ಇದು ನಮ್ಮಂತೆಯೇ ಅನುಭವವಾಗುತ್ತದೆಯೇ ಎಂಬ ಚರ್ಚೆ ನಡೆಯುತ್ತಲೇ ಇದೆ. ವೈದ್ಯೆಯಾಗಿ ನನ್ನ ನಿಲುವು ಸ್ಪಷ್ಟ: ಚರ್ಚೆ ಮುಗಿಯಲೆಂದು ಕಾಯುವ ಹಕ್ಕು ಚಾಕು ಹಿಡಿದವರಿಗಿಲ್ಲ.

ಟ್ರೈಕೇನ್ ಎಂಬ ಔಷಧವನ್ನು ನೀರಿನಲ್ಲಿ ಕರಗಿಸಿ ಕೊಡುವುದು ಸಾಮಾನ್ಯ ಪದ್ಧತಿ. ಅದು ನೀರನ್ನು ಆಮ್ಲೀಯ ಮಾಡುವುದರಿಂದ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಪಿಎಚ್ ಸರಿಪಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆ ಉದ್ದವಾದರೆ ಔಷಧ ಬೆರೆತ ನೀರನ್ನು ಬಾಯಿಯ ಮೂಲಕ ಕಿವಿರಿಗೆ ಹರಿಸುತ್ತಲೇ ಇರುತ್ತೇವೆ.

ಮಗಳು ಇದೇ ಬೇಕೆಂದು ಹಟ ಹಿಡಿದಿದ್ದಾಳೆ. ಓದಿದ ಮೇಲೆ ಕೆಲಸ ಎಲ್ಲಿ ಸಿಗುತ್ತದೆ?

ಮೀನು ಮತ್ತು ಸೀಗಡಿ ಸಾಕಣೆ ಕೇಂದ್ರಗಳು, ಮರಿ ಉತ್ಪಾದನಾ ಘಟಕಗಳು, ಲಸಿಕೆ ಮತ್ತು ಮೇವಿನ ಕಂಪನಿಗಳು, ಸರ್ಕಾರಿ ರೋಗಪತ್ತೆ ಪ್ರಯೋಗಾಲಯಗಳು, ಆಮದು ರಫ್ತು ತಪಾಸಣೆ, ಸಾರ್ವಜನಿಕ ಅಕ್ವೇರಿಯಂಗಳು, ವನ್ಯಜೀವಿ ರಕ್ಷಣಾ ಕೇಂದ್ರಗಳು, ಕಾಲೇಜುಗಳು. ಪ್ರಯೋಗಗಳಿಗಾಗಿ ಜೀಬ್ರಾ ಮೀನುಗಳನ್ನು ಸಾಕುವ ಜೀವವಿಜ್ಞಾನ ಸಂಸ್ಥೆಗಳಿಗೂ ಮೀನಿನ ವೈದ್ಯರು ಬೇಕು, ಇದು ಅನೇಕರಿಗೆ ಹೊಳೆಯುವುದೇ ಇಲ್ಲ. ಡಾಲ್ಫಿನ್, ಆಮೆಗಳ ಕೆಲಸದ ಆಸೆ ಎಲ್ಲರಿಗೂ ಇರುತ್ತದೆ, ಅಲ್ಲಿ ಹುದ್ದೆಗಳು ಬಹಳ ಕಡಿಮೆ. ಸಂಬಳದ ಹುದ್ದೆಗಳು ಹೆಚ್ಚಿರುವುದು ಸಾಕಣೆಯ ಮೀನಿನಲ್ಲಿ. ಮಗಳಿಗೆ ಈ ಮಾತನ್ನು ಈಗಲೇ ಹೇಳಿಬಿಡಿ. ಹಟ ಆಮೇಲೂ ಉಳಿದರೆ ದಾರಿಗೆ ಅಡ್ಡ ನಿಲ್ಲಬೇಡಿ.

## ಹೆಣ್ಣಾಗಿ ಈ ಕೆಲಸದಲ್ಲಿ

ನಮಗಿಂತ ಮೊದಲು ಈ ಹಾದಿ ಹಿಡಿದ ಹೆಂಗಸರು ಯಾರಾದರೂ ಇದ್ದರಾ?

ಈ ಶಾಸ್ತ್ರದ ಬೇರಿನಲ್ಲೇ ಒಬ್ಬ ಹೆಂಗಸು ಇದ್ದಾರೆ. ಮರಿಯಾನೆ ಪ್ಲೇನ್ 1863ರಲ್ಲಿ ಹುಟ್ಟಿದವರು. ಜರ್ಮನಿಯ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಇನ್ನೂ ಮುಚ್ಚಿದ್ದ ಕಾಲದಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ಗೆ ಹೋಗಿ ಪ್ರಾಣಿಶಾಸ್ತ್ರ ಓದಿ, 1896ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಮ್ಯೂನಿಕ್‌ನಲ್ಲಿ, ಮೀನಿನ ರೋಗಶಾಸ್ತ್ರಕ್ಕೆ ಅಡಿಪಾಯ ಹಾಕಿದ ಬ್ರೂನೊ ಹೋಫರ್ ಅವರ ಜೊತೆ ಕೆಲಸ ಮಾಡಿದರು. ಮೀನಿನ ರಕ್ತನಾಳದೊಳಗೆ ಬದುಕುವ ಸ್ಯಾಂಗ್ವಿನಿಕೋಲ ಎಂಬ ಹುಳುವನ್ನು 1905ರಲ್ಲಿ ವಿವರಿಸಿದವರು ಅವರು. 1914ರಲ್ಲಿ ಅವರಿಗೆ ಪ್ರೊಫೆಸರ್ ಪದವಿ ಸಿಕ್ಕಿತು, ಬವೇರಿಯಾದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರೇ.

ಪಶುವೈದ್ಯಕೀಯದ ಬಾಗಿಲು ಎಷ್ಟು ಬಿಗಿಯಾಗಿತ್ತೆಂದರೆ, ಐಲೀನ್ ಕಸ್ಟ್ ಅವರು 1900ರಲ್ಲಿ ಓದು ಮುಗಿಸಿದರೂ ಬ್ರಿಟನ್ನಿನ ಪಶುವೈದ್ಯರ ಪಟ್ಟಿಗೆ ಅವರ ಹೆಸರು ಸೇರಿದ್ದು 1922ರಲ್ಲಿ. ಆ ನಡುವೆ ಬಹಳ ವರ್ಷ ಅವರು ಐರ್ಲೆಂಡಿನಲ್ಲಿ ಪ್ರಾಣಿಗಳಿಗೆ ಚಿಕಿತ್ಸೆ ಮಾಡುತ್ತಲೇ ಇದ್ದರು.

ನಮ್ಮ ಕಾಲಕ್ಕೆ ಬಂದರೆ ಆಸ್ಟ್ರೇಲಿಯಾದ ಪಶುವೈದ್ಯೆ ಲೀ ಬರ್ಗರ್. ಮಳೆಕಾಡಿನ ಕಪ್ಪೆಗಳು ಯಾಕೆ ಸಾಯುತ್ತಿವೆ ಎಂಬ ಒಗಟಿಗೆ, ಚರ್ಮಕ್ಕೆ ಅಂಟುವ ಕಿಟ್ರಿಡ್ ಎಂಬ ಶಿಲೀಂಧ್ರವೇ ಕಾರಣವೆಂದು 1998ರಲ್ಲಿ ತೋರಿಸಿದ ತಂಡದ ಮುಂಚೂಣಿಯಲ್ಲಿ ಅವರಿದ್ದರು. ಆ ರೋಗದಿಂದ 501 ಜಾತಿಯ ಉಭಯವಾಸಿಗಳು ಕ್ಷೀಣಿಸಿವೆ, 90 ಜಾತಿಗಳು ಅಳಿದುಹೋಗಿವೆ ಎಂದು 2019ರ ಅಂದಾಜು. ಅದೇ 1998ರಲ್ಲಿ ಕ್ಯಾಲಿಫೋರ್ನಿಯಾದ ತೀರದಲ್ಲಿ 400ಕ್ಕೂ ಹೆಚ್ಚು ಸೀ ಲಯನ್‌ಗಳು ಸೆಳೆತ ಬಂದು ಸತ್ತಾಗ ಪಶುವೈದ್ಯೆ ಫ್ರಾನ್ಸಿಸ್ ಗಲ್ಲಂಡ್ ಅವುಗಳ ಚಿಕಿತ್ಸೆಯಲ್ಲೂ ಕಾರಣ ಹುಡುಕಿದ ತಂಡದಲ್ಲೂ ಇದ್ದರು. ಸಮುದ್ರದ ಸೂಕ್ಷ್ಮ ಪಾಚಿಯೊಂದು ತಯಾರಿಸಿದ ಡೊಮೋಯಿಕ್ ಆಮ್ಲ ಸಣ್ಣ ಮೀನುಗಳ ಮೂಲಕ ಸೀ ಲಯನ್‌ಗಳ ಮೆದುಳಿಗೆ ತಲುಪಿತ್ತು.

ಇವರೆಲ್ಲರ ಕೆಲಸದಲ್ಲಿ ನಾನು ಗಮನಿಸುವುದು ಒಂದನ್ನೇ. ಸೂಕ್ಷ್ಮದರ್ಶಕದ ಮುಂದೆ ಎಷ್ಟು ಕೂತರೋ ಪ್ರಾಣಿ ಸತ್ತ ಜಾಗಕ್ಕೂ ಅಷ್ಟೇ ಗಮನ ಕೊಟ್ಟರು.

ಹೆಣ್ಣುಮಕ್ಕಳನ್ನು ಲ್ಯಾಬಿನಲ್ಲೇ ಕೂರಿಸುತ್ತಾರಂತೆ, ನಿಜವಾ?

ಬಹಳ ಕಡೆ ನಿಜ. ಮಾದರಿ ತರಲು ಹುಡುಗರು ಹೋಗುತ್ತಾರೆ, ರೋಗಾಣುವಿನ ಜೀನನ್ನು ಹುಡುಕುವ ಪಿಸಿಆರ್ ಪರೀಕ್ಷೆ ಮಾಡಲು ಹುಡುಗಿಯರು ಉಳಿಯುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ. "ಯಾಕಮ್ಮ ಕೆಸರಲ್ಲಿ ನಿನಗೆ ಕಷ್ಟ" ಎಂದು ಕಾಳಜಿಯಿಂದಲೇ ಹೇಳುತ್ತಾರೆ. ಆ ಕಾಳಜಿಗೆ ತೆರುವ ಬೆಲೆ ದೊಡ್ಡದು.

ಕೊಳದ ದಡಕ್ಕೆ ಹೋಗದ ವೈದ್ಯೆಯ ಕೈಗೆ ಬರುವುದು ಬಾಟಲಿಯೊಳಗಿನ ಮಾದರಿ ಮಾತ್ರ. ಹಿಂದಿನ ದಿನ ನೀರು ಬದಲಿಸಿದ್ದು, ಹೊಸ ಮರಿ ಬಿಟ್ಟದ್ದು, ರಾತ್ರಿ ವಿದ್ಯುತ್ ಹೋಗಿ ಏರೇಟರ್ ನಿಂತದ್ದು, ಪಕ್ಕದ ಕೊಳದಲ್ಲಿ ಅದೇ ಬಲೆ ಬಳಸಿದ್ದು ಯಾವುದೂ ಬಾಟಲಿಯ ಮೇಲಿನ ಚೀಟಿಯಲ್ಲಿ ಇರುವುದಿಲ್ಲ. ಸಂಶೋಧನೆಯ ಒಳ್ಳೆಯ ಪ್ರಶ್ನೆಗಳು ಹುಟ್ಟುವುದು ಅಂಥ ವಿವರಗಳಿಂದ. ಹತ್ತು ವರ್ಷ ಕಳೆದು ಯೋಜನೆಯ ನೇತೃತ್ವ ಯಾರಿಗೆಂಬ ಮಾತು ಬಂದಾಗ "ಅವರಿಗೆ ಫೀಲ್ಡ್ ಅನುಭವ ಇಲ್ಲ" ಎಂಬ ಒಂದು ವಾಕ್ಯ ಸಾಕು, ಹೆಸರು ಪಟ್ಟಿಯಿಂದ ಹೊರಗೆ.

ಆದ್ದರಿಂದ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕ್ಷೇತ್ರಭೇಟಿಯ ಪಾಳಿಯಲ್ಲಿ ನಿಮ್ಮ ಹೆಸರು ಇರಲಿ ಎಂದು ಬರೆದು ಕೇಳಿ. ಬಾಯಿಮಾತಿನ ಕೋರಿಕೆ ಮರೆತುಹೋಗುತ್ತದೆ. ಸುರಕ್ಷತೆಯ ನೆಪ ಬಂದರೆ ಸುರಕ್ಷತೆಯನ್ನೇ ಕೇಳಿ: ವಾಹನ, ಜೊತೆಗೊಬ್ಬ ಸಹೋದ್ಯೋಗಿ, ಹೋದ ಜಾಗ ಮತ್ತು ಮರಳುವ ಸಮಯ ಕಚೇರಿಗೆ ಗೊತ್ತಿರುವ ವ್ಯವಸ್ಥೆ. ಇವು ಗಂಡಸರಿಗೂ ಬೇಕು. ಒಂಟಿಯಾಗಿ ನೀರಿಗಿಳಿಯುವುದು ಯಾರಿಗೂ ಒಳ್ಳೆಯದಲ್ಲ.

ಸಾಕಣೆದಾರರು ಹೆಣ್ಣು ಡಾಕ್ಟರ ಮಾತು ಕೇಳುತ್ತಾರಾ?

ಮೊದಲ ಭೇಟಿಯಲ್ಲಿ ನನ್ನ ಪಕ್ಕದಲ್ಲಿ ನಿಂತ ಚಾಲಕರನ್ನೇ "ಡಾಕ್ಟ್ರೇ" ಎಂದು ಕರೆದವರಿದ್ದಾರೆ. ಸಾಯುವ ಮೀನನ್ನು ಕೊಯ್ದು, ಸೂಕ್ಷ್ಮದರ್ಶಕದಲ್ಲಿ ಹುಳು ಓಡುವುದನ್ನು ಅವರ ಕಣ್ಣಿಗೇ ತೋರಿಸಿ. ಆಮೇಲೆ ಫೋನು ನಿಮಗೇ ಬರುತ್ತದೆ.

ಇನ್ನೊಂದು ಮಾತು. ದಡದಲ್ಲಿ ಮೀನು ವಿಂಗಡಿಸುವ, ಶುಚಿ ಮಾಡುವ ಹೆಂಗಸರನ್ನು ತಪ್ಪದೆ ಮಾತಾಡಿಸಿ. ಜಾಗತಿಕವಾಗಿ ಮೀನು ಹಿಡಿಯುವ, ಸಾಕುವ ಕೆಲಸದಲ್ಲಿ ಹೆಂಗಸರ ಪಾಲು 24 ಪ್ರತಿಶತವಾದರೆ ಸಂಸ್ಕರಣೆಯಲ್ಲಿ ಅದು 62 ಪ್ರತಿಶತ. ಪ್ರತಿ ಮೀನಿನ ಹೊಟ್ಟೆಯೊಳಗೆ ಕೈ ಹಾಕುವವರು ಅವರು. ಪಿತ್ತಜನಕಾಂಗ ಬಿಳಿಚಿದ್ದು, ಹೊಟ್ಟೆಯಲ್ಲಿ ನೀರು ತುಂಬಿದ್ದು ಮಾಲೀಕರಿಗಿಂತ ವಾರ ಮೊದಲೇ ಅವರಿಗೆ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ. ಹೆಣ್ಣು ಡಾಕ್ಟರ ಹತ್ತಿರ ಅವರು ಬಾಯಿಬಿಟ್ಟು ಹೇಳುತ್ತಾರೆ.

ಶೌಚಾಲಯವೇ ಇಲ್ಲದ ಕಡೆ, ದೋಣಿ ಮೇಲೆ, ಅದೂ ಮುಟ್ಟಿನ ದಿನಗಳಲ್ಲಿ ಏನು ಮಾಡುತ್ತೀರಿ?

ಇದನ್ನು ಪಿಸುದನಿಯಲ್ಲಿ ಕೇಳುತ್ತಾರೆ, ಕೇಳದೆ ಈ ಕೆಲಸವನ್ನೇ ಬಿಟ್ಟವರೂ ಇದ್ದಾರೆ. ನೀರು ಕುಡಿಯದೆ ಇರುವುದು ಪರಿಹಾರವಲ್ಲ, ಬಿಸಿಲಿನಲ್ಲಿ ಅದರಿಂದ ತಲೆಸುತ್ತು, ಮೂತ್ರದ ಸೋಂಕು ಎರಡೂ ಬರುತ್ತವೆ. ಭೇಟಿ ಗೊತ್ತುಮಾಡುವಾಗಲೇ ಶೌಚಾಲಯ ಎಲ್ಲಿದೆ ಎಂದು ಕೇಳಿ, ಸಮುದ್ರದ ಪಂಜರಗಳಾದರೆ ನಡುವೆ ದಡಕ್ಕೆ ಬರುವ ಸಮಯವನ್ನು ವೇಳಾಪಟ್ಟಿಯಲ್ಲೇ ಸೇರಿಸಿ. ಮುಟ್ಟಿನ ಬಟ್ಟಲು ಅಭ್ಯಾಸವಿದ್ದವರಿಗೆ ನೀರಿನ ಕೆಲಸದಲ್ಲಿ ಅನುಕೂಲ.

ರಬ್ಬರ್ ದಿರಿಸು, ಬೂಟು, ಜೀವರಕ್ಷಕ ಜಾಕೆಟ್‌ಗಳನ್ನು ಗಂಡಸರ ಅಳತೆಗೇ ತರಿಸಿರುತ್ತಾರೆ. ದೊಡ್ಡ ಬೂಟು ಕೆಸರಿನಲ್ಲಿ ಸಿಕ್ಕಿಬೀಳುತ್ತದೆ, ಸಡಿಲ ಜಾಕೆಟ್ ನೀರಿಗೆ ಬಿದ್ದಾಗ ಕತ್ತಿನ ಮೇಲೇರುತ್ತದೆ. ನಿಮ್ಮ ಅಳತೆಯದನ್ನು ಸಂಸ್ಥೆಯ ಖರ್ಚಿನಲ್ಲೇ ಕೇಳಿ. ಅದು ಸುರಕ್ಷಾ ಸಾಧನ, ಕೇಳಲು ಸಂಕೋಚ ಬೇಡ.

ಬಸುರಿಯಾದರೆ ಕೆಲಸ ಬಿಡಬೇಕಾ?

ಬಿಡಬೇಕಿಲ್ಲ, ಕೆಲಸದ ರೂಪ ಬದಲಿಸಿಕೊಳ್ಳಬೇಕು. ತಿಳಿದ ಕೂಡಲೇ ನಿಮ್ಮ ವೈದ್ಯರಿಗೂ ಮೇಲಿನವರಿಗೂ ಹೇಳಿ, ಕೈಯಾಡುವ ರಾಸಾಯನಿಕಗಳ ಪಟ್ಟಿಯನ್ನು ವೈದ್ಯರ ಮುಂದಿಡಿ. ಸ್ಕೂಬಾ ಡೈವಿಂಗ್ ಪೂರ್ತಿ ನಿಲ್ಲಿಸಿ. ಮೀನನ್ನು ಮರಿ ಮಾಡಿಸಲು ಚುಚ್ಚುವ ಹಾರ್ಮೋನುಗಳು, ತಿಲಾಪಿಯ ಮರಿಗಳನ್ನೆಲ್ಲ ಗಂಡಾಗಿಸಲು ಮೇವಿನಲ್ಲಿ ಬೆರೆಸುವ ಮೀಥೈಲ್ ಟೆಸ್ಟೋಸ್ಟೆರಾನ್, ಮಾದರಿ ಕೆಡದಂತೆ ಇಡುವ ಫಾರ್ಮಲಿನ್, ಎಕ್ಸ್‌ರೇ ಇವುಗಳಿಂದ ದೂರವಿರಿ. ಸ್ಲೈಡು ಓದುವುದು, ಮಾಹಿತಿ ವಿಶ್ಲೇಷಣೆ, ಬರವಣಿಗೆ, ಒಣ ದಡದಿಂದ ಮಾಡುವ ಭೇಟಿ ಇವನ್ನು ಆ ತಿಂಗಳುಗಳಿಗೆ ಇಟ್ಟುಕೊಳ್ಳಬಹುದು. ಹೆರಿಗೆಯ ನಂತರ ಕ್ಷೇತ್ರಕ್ಕೆ ಮರಳುವ ದಿನಾಂಕವನ್ನೂ ಆಗಲೇ ಬರವಣಿಗೆಯಲ್ಲಿ ಇಡಿ. ತಾತ್ಕಾಲಿಕ ಬದಲಾವಣೆ ಕಾಯಂ ಆಗುವುದನ್ನು ಬಹಳ ನೋಡಿದ್ದೇನೆ.

ಮೀನಿನಿಂದ ನಮಗೆ ರೋಗ ಅಂಟುತ್ತದಾ?

ಕೆಲವು ಅಂಟುತ್ತವೆ, ಹೆಚ್ಚಾಗಿ ಕೈಯ ಗಾಯದ ಮೂಲಕ. ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಬೆರಳಲ್ಲಿ, ಮುಂಗೈಯಲ್ಲಿ ನಿಧಾನವಾಗಿ ಗಂಟು ಕಟ್ಟುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಔಷಧ ಬೇಕು. ಅದು ತಂಪನ್ನು ಬಯಸುವ ಜೀವಿ, ಪ್ರಯೋಗಾಲಯದಲ್ಲಿ ಅದನ್ನು ನಮ್ಮ ಮೈಶಾಖಕ್ಕಿಂತ ಕಡಿಮೆ, ಸುಮಾರು 30 ಡಿಗ್ರಿ ಶಾಖದಲ್ಲಿ ಬೆಳೆಸಬೇಕು. ಆದ್ದರಿಂದ ಮಾಯದ ಗಾಯವೆಂದು ಚರ್ಮವೈದ್ಯರ ಬಳಿ ಹೋದಾಗ "ನಾನು ಮೀನಿನ ಜೊತೆ ಕೆಲಸ ಮಾಡುತ್ತೇನೆ" ಎಂದು ಮೊದಲೇ ಹೇಳಿ. ಸ್ಟ್ರೆಪ್ಟೊಕಾಕಸ್ ಇನಿಯೆ, ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾಗಳು ಕೂಡ ಗಾಯದಿಂದ ಒಳಹೋಗುತ್ತವೆ. ಎರಡನೆಯದು ಗಂಟೆಗಳಲ್ಲಿ ಉಲ್ಬಣಿಸಬಲ್ಲದು.

ಎಣ್ಣೆ ಬೆರೆತ ಮೀನಿನ ಲಸಿಕೆ ಕೈತಪ್ಪಿ ನಿಮ್ಮ ಬೆರಳಿಗೇ ಚುಚ್ಚಿದರೆ, ರಕ್ತ ಬರಲಿ ಬಿಡಲಿ, ಲಸಿಕೆಯ ಚೀಟಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ. ತಡವಾದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ.

## ಚಿಕಿತ್ಸೆ ಮತ್ತು ರೋಗಪತ್ತೆ

ನೀರೊಳಗಿನ ಸಾವಿರಾರು ಮೀನಿಗೆ ಔಷಧ ಹೇಗೆ ಕೊಡುತ್ತೀರಿ?

ಮೂರು ದಾರಿ: ನೀರಿನಲ್ಲಿ, ಮೇವಿನಲ್ಲಿ, ಚುಚ್ಚುಮದ್ದಿನಲ್ಲಿ. ಮೇವಿನಲ್ಲಿ ಕೊಡುವುದು ಸುಲಭ, ಆದರೆ ಕಾಯಿಲೆಯ ಮೀನು ಮೇವು ಬಿಟ್ಟಿರುತ್ತದೆ. ಔಷಧ ಹೋಗುವುದು ಇನ್ನೂ ತಿನ್ನುತ್ತಿರುವ ಮೀನಿಗೆ. ಹೀಗಾಗಿ ನಾವು ಉಳಿಸುವುದು ಬಹುತೇಕ ಮುಂದೆ ಕಾಯಿಲೆ ಬೀಳಬಹುದಾಗಿದ್ದವನ್ನು. ಮೇವು ಬಿಟ್ಟ ಮೇಲೆ ಕರೆದರೆ ಅರ್ಧ ಯುದ್ಧ ಸೋತಂತೆ ಎಂದು ಸಾಕಣೆದಾರರಿಗೆ ಮತ್ತೆ ಮತ್ತೆ ಹೇಳುತ್ತೇನೆ.

ನೀರಿಗೆ ಹಾಕುವಾಗ ರೋಗಾಣುವಿನ ಜೀವನಚಕ್ರ ಗೊತ್ತಿರಬೇಕು. ಬಿಳಿಚುಕ್ಕೆ ರೋಗ ತರುವ ಇಕ್ತಿಯೊಫ್ತೀರಿಯಸ್ ಎಂಬ ಪರಾವಲಂಬಿ ಮೀನಿನ ಚರ್ಮದ ಕೆಳಗೆ ಅಡಗಿರುವಾಗ ಯಾವ ಔಷಧವೂ ಅದನ್ನು ಮುಟ್ಟುವುದಿಲ್ಲ, ಹೊರಬಂದು ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಬೆಚ್ಚಗಿನ ನೀರಿನಲ್ಲಿ ಈ ಚಕ್ರ ಕೆಲವೇ ದಿನ, ತಣ್ಣೀರಿನಲ್ಲಿ ವಾರಗಳು. ಒಮ್ಮೆ ಔಷಧ ಹಾಕಿ ಚುಕ್ಕೆ ಹೋಯಿತೆಂದು ನಿಲ್ಲಿಸಿದರೆ ರೋಗ ಮರಳುತ್ತದೆ.

ಔಷಧ ಕೊಟ್ಟ ಮೇಲೆ ಮೀನನ್ನು ಮಾರುವ ಮುನ್ನ ಕಾಯಬೇಕಾದ ಅವಧಿಯೂ ನೀರಿನ ಶಾಖದ ಮೇಲೆ ನಿಂತಿದೆ. ಅದನ್ನು ಡಿಗ್ರಿ-ದಿನಗಳಲ್ಲಿ ಎಣಿಸುತ್ತಾರೆ. 500 ಡಿಗ್ರಿ-ದಿನ ಎಂದರೆ 25 ಡಿಗ್ರಿ ನೀರಿನಲ್ಲಿ 20 ದಿನ, 10 ಡಿಗ್ರಿ ನೀರಿನಲ್ಲಿ 50 ದಿನ.

ಆ್ಯಂಟಿಬಯಾಟಿಕ್ ಇಲ್ಲದೆ ಇಷ್ಟೊಂದು ಮೀನು ಸಾಕಲು ಸಾಧ್ಯವಾ?

ಬಹಳಷ್ಟು ಕಡಿಮೆ ಮಾಡಲು ಸಾಧ್ಯ. ನಾರ್ವೆಯ ಸಾಲ್ಮನ್ ಸಾಕಣೆ 1987ರಲ್ಲಿ ಸುಮಾರು 48 ಟನ್ ಆ್ಯಂಟಿಬಯಾಟಿಕ್ ಬಳಸಿತ್ತು. ಒಳ್ಳೆಯ ಲಸಿಕೆಗಳು, ಕೇಂದ್ರಗಳ ನಡುವಿನ ಅಂತರ, ಒಂದು ಬೆಳೆ ತೆಗೆದ ಮೇಲೆ ಜಾಗವನ್ನು ಖಾಲಿ ಬಿಡುವ ಶಿಸ್ತು ಬಂದಮೇಲೆ ಕೆಲವೇ ವರ್ಷಗಳಲ್ಲಿ ಅದು ಒಂದೆರಡು ಟನ್ನಿಗೆ ಇಳಿಯಿತು. ಅದೇ ಅವಧಿಯಲ್ಲಿ ಮೀನಿನ ಉತ್ಪಾದನೆ ಹಲವು ಪಟ್ಟು ಬೆಳೆದಿತ್ತು. ನಮ್ಮ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಹೆಮ್ಮೆ ತರುವ ಸಾಧನೆ ಇದು.

ಹಾಗಿದ್ದರೆ ಸೀಗಡಿಗೆ ಯಾಕೆ ಲಸಿಕೆ ಇಲ್ಲ?

ಸೀಗಡಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ, ರೋಗವನ್ನು ನೆನಪಿಟ್ಟುಕೊಳ್ಳುವ ಆ ಬಗೆಯ ರಕ್ಷಣಾ ವ್ಯವಸ್ಥೆ ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲಿ ಬೆಳೆದಿಲ್ಲ. 1990ರ ದಶಕದ ಆರಂಭದಲ್ಲಿ ಪೂರ್ವ ಏಷ್ಯಾದಲ್ಲಿ ಕಾಣಿಸಿಕೊಂಡ ಬಿಳಿಚುಕ್ಕೆ ವೈರಸ್ (ಮೀನಿನ ಬಿಳಿಚುಕ್ಕೆ ರೋಗವೇ ಬೇರೆ) ಕೊಳದ ಸೀಗಡಿಯನ್ನೆಲ್ಲ ಮೂರರಿಂದ ಹತ್ತು ದಿನಗಳಲ್ಲಿ ಕೊಲ್ಲಬಲ್ಲದು, ಅದಕ್ಕೆ ಔಷಧವೂ ಇಲ್ಲ. ಆದ್ದರಿಂದ ರೋಗಮುಕ್ತ ತಾಯಿ ಸೀಗಡಿ, ಮರಿಗಳ ತಪಾಸಣೆ, ಸೋಸಿದ ನೀರು, ಏಡಿಗಳು ಒಳಬಾರದಂತೆ ಬೇಲಿ, ಇವೇ ಆಯುಧ.

ಸತ್ತ ಮೀನನ್ನು ಐಸ್‌ನಲ್ಲಿಟ್ಟು ಕಳಿಸಿದ್ದೆ. ವರದಿಯಲ್ಲಿ "ಏನೂ ಕಂಡುಬಂದಿಲ್ಲ" ಎಂದು ಬಂತು. ಯಾಕೆ?

ಸತ್ತ ಮೀನು ಬಹಳ ಬೇಗ ಕೊಳೆಯುತ್ತದೆ, ಅದರಲ್ಲೂ ಕಿವಿರು. ಸತ್ತ ಮೇಲೆ ನೀರಿನ ಬ್ಯಾಕ್ಟೀರಿಯಾ ಎಲ್ಲ ಒಳನುಗ್ಗಿರುತ್ತದೆ, ರೋಗ ತಂದದ್ದು ಯಾವುದು, ಹೆಣ ತಿನ್ನಲು ಬಂದದ್ದು ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಕಾಯಿಲೆಯ ಲಕ್ಷಣವಿರುವ, ಇನ್ನೂ ಜೀವವಿರುವ ಕೆಲವು ಮೀನು ಮತ್ತು ಹೋಲಿಕೆಗೆ ಆರೋಗ್ಯವಾಗಿ ಕಾಣುವ ಕೆಲವನ್ನು ತನ್ನಿ. ಅಂಗಾಂಶಗಳನ್ನು ಸಣ್ಣ ತುಂಡು ಮಾಡಿ ಅದರ ಹತ್ತು ಪಟ್ಟು ಫಾರ್ಮಲಿನ್ ದ್ರಾವಣದಲ್ಲಿ ಹಾಕಿ. ಅದನ್ನು ಹೆಪ್ಪುಗಟ್ಟಿಸಬೇಡಿ, ಸ್ಲೈಡಿನಲ್ಲಿ ಜೀವಕೋಶಗಳ ಬದಲು ಮಂಜಿನ ಹರಳು ಬಿಟ್ಟ ತೂತುಗಳೇ ಕಾಣುತ್ತವೆ.

ಪಿಸಿಆರ್ ಪಾಸಿಟಿವ್ ಬಂದಿದೆ, ಮೀನು ಚೆನ್ನಾಗಿದೆ. ಇನ್ನೊಂದು ಕಡೆ ನೆಗೆಟಿವ್, ಮೀನು ಸಾಯುತ್ತಿದೆ. ಯಾವುದನ್ನು ನಂಬಲಿ?

ಪಿಸಿಆರ್ ಹೇಳುವುದು ರೋಗಾಣುವಿನ ಜೀನಿನ ತುಣುಕು ಅಲ್ಲಿದೆ ಎಂದಷ್ಟೇ. ಅದೇ ರೋಗ ತರುತ್ತಿದೆಯೇ ಎಂದು ತಿಳಿಯಲು ಅಂಗಾಂಶದ ಸ್ಲೈಡು, ನೀರಿನ ಅಳತೆ, ಸಾವಿನ ಏರಿಳಿತ ಮೂರನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ನೆಗೆಟಿವ್ ಬಂದಾಗ ಮೊದಲು ಕೇಳಬೇಕಾದದ್ದು ಎಷ್ಟು ಮೀನು ಪರೀಕ್ಷಿಸಿದಿರಿ ಎಂದು. ದೊಡ್ಡ ಕೊಳದಲ್ಲಿ ನೂರಕ್ಕೆ ಹತ್ತರಲ್ಲಿ ಸೋಂಕಿದ್ದರೆ 95 ಪ್ರತಿಶತ ಭರವಸೆಯಿಂದ ಒಂದನ್ನಾದರೂ ಹಿಡಿಯಲು ಸುಮಾರು 30 ಮೀನು ಬೇಕು. ನೂರಕ್ಕೆ ಐದಾದರೆ 60, ಎರಡಾದರೆ 150. ಪರೀಕ್ಷೆ ದೋಷವೇ ಇಲ್ಲದ್ದು ಎಂದುಕೊಂಡ ಲೆಕ್ಕ ಇದು. ಐದು ಮೀನು ಪರೀಕ್ಷಿಸಿ "ಕೊಳ ರೋಗಮುಕ್ತ" ಎಂದು ಸಹಿ ಹಾಕಬೇಡಿ.

## ಸಂಶೋಧನೆ ಮತ್ತು ಮುಂದಿನ ವೃತ್ತಿ

ಪಿಎಚ್‌ಡಿಗೆ ಯಾವ ವಿಷಯ ಆರಿಸಲಿ?

ಎರಡು ವರ್ಷವಾದರೂ ಕ್ಷೇತ್ರದಲ್ಲಿ ದುಡಿದು, ನಿಮ್ಮನ್ನು ನಿದ್ದೆಗೆಡಿಸಿದ ಪ್ರಶ್ನೆಯನ್ನೇ ಆರಿಸಿ. 2009ರ ಸುಮಾರಿಗೆ ಏಷ್ಯಾದ ಕೊಳಗಳಲ್ಲಿ ಬಿತ್ತಿದ ತಿಂಗಳೊಳಗೆ ಸೀಗಡಿಗಳು ಸಾಯತೊಡಗಿದವು. ಎಷ್ಟೋ ಕಾಲ ಕಾರಣ ತಿಳಿಯಲಿಲ್ಲ. ಯಾರಿಗೂ ಹೊಸದಲ್ಲದ ವಿಬ್ರಿಯೊ ಪ್ಯಾರಾಹಿಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾದ ವಿಶೇಷ ತಳಿಗಳೇ ಕಾರಣವೆಂದು 2013ರಲ್ಲಿ ಗೊತ್ತಾಯಿತು, ಅವು ಪ್ಲಾಸ್ಮಿಡ್ ಎಂಬ ಒಂದು ಪುಟ್ಟ ಡಿಎನ್‌ಎ ಉಂಗುರದಲ್ಲಿ ವಿಷದ ಜೀನುಗಳನ್ನು ಹೊತ್ತಿದ್ದವು. ಪರಿಚಿತ ಜೀವಿಯನ್ನು ಮತ್ತೊಮ್ಮೆ ಅನುಮಾನದಿಂದ ನೋಡುವ ತಾಳ್ಮೆ ಇರುವವರಿಗೆ ವಿಷಯಗಳ ಕೊರತೆ ಇಲ್ಲ. ಸಣ್ಣ ಸಾಕಣೆದಾರರ ಮೀನುಗಳಿಗೆ ಅಗ್ಗದ ಲಸಿಕೆ, ದಡದಲ್ಲೇ ಮಾಡಬಹುದಾದ ಪರೀಕ್ಷೆ, ಮೀನಿನ ನೋವು ನಿವಾರಣೆ, ಬಿಸಿಯೇರುವ ನೀರಿನಲ್ಲಿ ರೋಗಗಳ ನಡೆ ಇವು ನನ್ನ ಆಯ್ಕೆಗಳು. ವಿಷಯದಷ್ಟೇ ಮುಖ್ಯ ಮಾರ್ಗದರ್ಶಕರು. ಅವರ ಹಿಂದಿನ ವಿದ್ಯಾರ್ಥಿನಿಯರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ ಸೇರಿ.

ಕೆಲಸ ಪೂರ್ತಿ ನನ್ನದು. ಪ್ರಬಂಧದಲ್ಲಿ ಹೆಸರು ಮೂರನೆಯದು. ಜಗಳ ಮಾಡಲಾ?

ಜಗಳಕ್ಕಿಂತ ಮೊದಲು ದಾಖಲೆ ಇಟ್ಟುಕೊಳ್ಳಿ. ಕೆಲಸ ಶುರುವಾಗುವಾಗಲೇ ಯಾರ ಹೆಸರು ಎಲ್ಲಿ ಎಂದು ಮಾತಾಡಿ, ಆ ಮಾತನ್ನು ಇಮೇಲ್‌ನಲ್ಲಿ ಬರೆದು ಎಲ್ಲರಿಗೂ ಕಳಿಸಿ. ಪ್ರಯೋಗಾಲಯದ ದಿನಚರಿ ಪುಸ್ತಕದಲ್ಲಿ ದಿನಾಂಕ, ಸಹಿ ಇರಲಿ. ಆಗಲೂ ಅನ್ಯಾಯವಾದರೆ ಲಿಖಿತವಾಗಿ ಆಕ್ಷೇಪಿಸಿ, ಪತ್ರಿಕೆಯ ಸಂಪಾದಕರಿಗೂ ಬರೆಯುವ ಹಕ್ಕು ನಿಮಗಿದೆ.

ಮಗುವಿಗಾಗಿ ಮೂರು ವರ್ಷ ಬಿಟ್ಟಿದ್ದೆ. ಈಗ ಯಾರು ಕರೆಯುತ್ತಾರೆ?

ಕರೆಯಲೆಂದು ಕಾಯಬೇಡಿ, ಬಾಗಿಲು ತಟ್ಟಿ. ವೃತ್ತಿಗೆ ಮರಳುವ ಹೆಣ್ಣುಮಕ್ಕಳಿಗೆಂದೇ ಫೆಲೋಶಿಪ್‌ಗಳನ್ನು ಹಲವು ದೇಶಗಳ ವಿಜ್ಞಾನ ಇಲಾಖೆಗಳು ಇಟ್ಟಿವೆ. ಮೂರು ವರ್ಷದಲ್ಲಿ ಹಳತಾಗುವುದು ಉಪಕರಣ ಮತ್ತು ತಂತ್ರಾಂಶ, ಅವನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಕಿವಿರು ನೋಡಿ ಗುರುತಿಸುವ ಕಣ್ಣು ಉಳಿದಿರುತ್ತದೆ. ಮನೆಯಲ್ಲಿರುವ ಕಾಲದಲ್ಲೂ ಹಳೆಯ ಸ್ಲೈಡುಗಳ ಚಿತ್ರಗಳನ್ನು ಓದುತ್ತಾ, ವರ್ಷಕ್ಕೊಂದು ಸಣ್ಣ ಪ್ರಕರಣ ವರದಿಯನ್ನಾದರೂ ಬರೆಯುತ್ತಾ ಇದ್ದರೆ ಮರಳುವುದು ಸುಲಭ.

ಅಧಿಸೂಚಿತ ರೋಗ ಪತ್ತೆಯಾಗಿದೆ. "ಹೊರಗೆ ಹೇಳಬೇಡಿ, ಈ ಬೆಳೆ ಮಾರಿಬಿಡುತ್ತೇವೆ" ಎನ್ನುತ್ತಾರೆ. ನಾನಿನ್ನೂ ಕಿರಿಯಳು. ಏನು ಮಾಡಲಿ?

ವರದಿ ಮಾಡಿ. ಅಧಿಸೂಚಿತ ರೋಗವೆಂದರೆ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕೆಂದು ಕಾನೂನು ಹೇಳುವ ರೋಗ. ಮಾಲೀಕರ ಭಯ ನಿಜವಾದದ್ದು, ಅವರ ಸಾಲವೂ ನಿಜ. ಆದರೆ ರೋಗವಿರುವ ಕೊಳದ ನೀರು, ಬಲೆ, ಮರಿ, ಲಾರಿ ಎಲ್ಲವೂ ಇನ್ನೊಂದು ಕೊಳಕ್ಕೆ ಹೋಗುತ್ತವೆ. ಸಾಲ್ಮನ್ನಿನ ಸೋಂಕು ರಕ್ತಹೀನತೆ ರೋಗ 1984ರಲ್ಲಿ ನಾರ್ವೆಯಲ್ಲಿ ಮೊದಲು ಕಂಡಿತು. 2007ರಲ್ಲಿ ಅದು ಚಿಲಿಯಲ್ಲಿ ಹರಡಿದಾಗ ಇಡೀ ಉದ್ಯಮವೇ ಕುಸಿದು ಸಾವಿರಾರು ಜನ ಕೆಲಸ ಕಳೆದುಕೊಂಡರು.

ಒಬ್ಬಳೇ ಹೊರಬೇಡಿ. ಮೊದಲು ಫಲಿತಾಂಶವನ್ನು ಇನ್ನೊಂದು ಪ್ರಯೋಗಾಲಯದಿಂದ ಖಚಿತಪಡಿಸಿಕೊಳ್ಳಿ, ಆದರೆ ಅನುಮಾನವಿದ್ದಾಗಲೇ ತಿಳಿಸಬೇಕೆಂದು ಕಾನೂನು ಹೇಳುವ ಕಡೆ ಅದಕ್ಕಾಗಿ ಕಾಯಬೇಡಿ. ಮೇಲಧಿಕಾರಿಗೆ ಅದೇ ದಿನ ಲಿಖಿತವಾಗಿ ತಿಳಿಸಿ, ಸಮಯ ನಮೂದಿಸಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಮಾಲೀಕರ ಬಳಿ ಹೋಗುವಾಗ ಪರಿಹಾರ ಯೋಜನೆ ಇದ್ದರೆ ಅದರ ಅರ್ಜಿಯನ್ನೂ, ಕೊಳ ಶುದ್ಧಿ ಮಾಡಿ ಮತ್ತೆ ಬಿತ್ತುವ ದಿನಗಳ ಲೆಕ್ಕವನ್ನೂ ಜೊತೆಗೆ ಒಯ್ಯಿರಿ. ಮುಂದಿನ ಬೆಳೆಯ ಮಾತು ಅಲ್ಲಿ ಕೂತು ಆಡುವ ವೈದ್ಯೆಗೆ ಅವರು ಬಾಗಿಲು ಮುಚ್ಚುವುದು ಅಪರೂಪ. ಬೆದರಿಕೆ ಬಂದರೆ ಆ ಕೇಂದ್ರಕ್ಕೆ ಮತ್ತೆ ಒಂಟಿಯಾಗಿ ಹೋಗಬೇಡಿ. ಮುಂದಿನ ಭೇಟಿ ಸರ್ಕಾರಿ ಅಧಿಕಾರಿಯ ಜೊತೆಗೇ ಆಗಲಿ.